ಗ್ರಾಂಡ್‌ಮಾಸ್ಟರ್ ಆಟವೊಂದನ್ನು ಬಿಡಿಸಿ ನೋಡುವುದು ಹೇಗೆ: ಓಪನಿಂಗ್‌ನಿಂದ ಎಂಡ್‌ಗೇಮ್‌ವರೆಗೆ

ದೊಡ್ಡ ಆಟಗಾರರ ಆಟ ನೋಡಿದರೆ ನಮ್ಮ ಆಟವೂ ಸುಧಾರಿಸುತ್ತದೆ ಅಂತಾರೆ. ಮಾತು ನಿಜ. ಆದರೆ ನೋಡುವ ರೀತಿ ಸರಿ ಇರಬೇಕು. ಡೊಂಬಿವಲಿ ಲೋಕಲ್‌ನಲ್ಲಿ ಮೊಬೈಲ್ ಹಿಡಿದು ಚೆಸ್ ಆಟ ನೋಡುವ ಹುಡುಗರು ಈಗ ಬೇಕಾದಷ್ಟು ಸಿಗುತ್ತಾರೆ. ಬಾಣದ ಗುರುತು ಒತ್ತುತ್ತಾ ಹೋಗುತ್ತಾರೆ, ಠಾಣೆ ಬರುವಷ್ಟರಲ್ಲಿ ಆಟ ಮುಗಿದಿರುತ್ತದೆ. ದಾದರ್‌ನಲ್ಲಿ ಇಳಿಯುವಾಗ ಕೇಳಿದರೆ ಒಂದು ನಡೆಯೂ ನೆನಪಿರುವುದಿಲ್ಲ.

ನಾನು ಡೊಂಬಿವಲಿಯಲ್ಲಿ ಭಾನುವಾರ ಬೆಳಿಗ್ಗೆ ಕನ್ನಡದ ಮನೆಗಳ ಕೆಲವು ಮಕ್ಕಳನ್ನು ಕೂರಿಸಿಕೊಂಡು ಆಟ ಬಿಡಿಸುತ್ತೇನೆ. ಶಾಲೆಯಲ್ಲಿ ಮರಾಠಿ, ಇಂಗ್ಲಿಷ್. ಬೋರ್ಡಿನ ಮುಂದೆ ಕನ್ನಡ. ಅಲ್ಲಿ ನಾವು ನಡೆಸುವ ಪದ್ಧತಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದರ ಜೀವ ಒಂದೇ ಕಡೆ ಇದೆ: ಮುಂದಿನ ನಡೆ ನೋಡುವ ಮೊದಲು ನಿಮ್ಮ ನಡೆಯನ್ನೂ ಅದರ ಕಾರಣವನ್ನೂ ಬರೆದಿಡಬೇಕು. ನಿಮ್ಮ ಕಾರಣಕ್ಕೂ ಗ್ರಾಂಡ್‌ಮಾಸ್ಟರ್‌ನ ಕಾರಣಕ್ಕೂ ಎಲ್ಲಿ ವ್ಯತ್ಯಾಸ ಬರುತ್ತದೋ ಅಲ್ಲೇ ಕಲಿಕೆ ಇರುವುದು.

ಯಾವ ಆಟ ಆರಿಸಬೇಕು

2025ರ ಅಕ್ಟೋಬರ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ಗೋವಾದಲ್ಲಿ ಚೆಸ್ ವಿಶ್ವಕಪ್ ನಡೆಯಿತು. 206 ಆಟಗಾರರು ಬಂದಿದ್ದರು, ಉಜ್ಬೇಕಿಸ್ತಾನದ ಜಾವೋಖಿರ್ ಸಿಂದರೋವ್ ಗೆದ್ದ. ಅದಾದ ಮೇಲೆ ನಮ್ಮ ಮಕ್ಕಳಿಗೆಲ್ಲ ಅವೇ ಆಟಗಳು ಬೇಕು. ಆಸೆ ಒಳ್ಳೆಯದೇ. ಆದರೂ ಶುರುವಿಗೆ ಅವು ಬೇಡ ಎನ್ನುತ್ತೇನೆ. ಈಗಿನ ಆಟಗಾರರು ಹದಿನೈದು ಇಪ್ಪತ್ತು ನಡೆಗಳನ್ನು ಕಂಪ್ಯೂಟರ್ ಜೊತೆ ಕೂತು ಮನೆಯಲ್ಲೇ ತಯಾರು ಮಾಡಿಕೊಂಡು ಬರುತ್ತಾರೆ. ಆ ನಡೆಗಳ ಕಾರಣ ಬೋರ್ಡಿನ ಮೇಲೆ ಕಾಣುವುದಿಲ್ಲ.

ಮೊದಲಿಗೆ ಹಳೆಯ, ತಿಳಿಯಾದ ಆಟ ತೆಗೆದುಕೊಳ್ಳಿ. ಒಬ್ಬ ಗೆದ್ದಿರಬೇಕು. ಆಟ ಎಂಡ್‌ಗೇಮ್‌ವರೆಗೂ, ಅಂದರೆ ಕೆಲವೇ ಕಾಯಿ ಉಳಿದ ಕೊನೆಯ ಹಂತದವರೆಗೂ, ಹೋಗಿರಬೇಕು. ನನ್ನ ಆಯ್ಕೆ 1924ರ ನ್ಯೂಯಾರ್ಕ್ ಟೂರ್ನಮೆಂಟಿನ ಆಟ: ಬಿಳಿ ಕಾಯಿ ಕ್ಯೂಬಾದ ಹೋಸೆ ರೌಲ್ ಕಾಪಾಬ್ಲಾಂಕಾ, ಕಪ್ಪು ಸವೇಲಿ ತರ್ತಾಕೋವರ್. ಆಗ ಕಾಪಾಬ್ಲಾಂಕಾ ವಿಶ್ವ ಚಾಂಪಿಯನ್. ಗ್ರಾಂಡ್‌ಮಾಸ್ಟರ್ ಪದವಿಯನ್ನು ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯಾದ ಫಿಡೆ ಅಧಿಕೃತವಾಗಿ ಕೊಡಲು ಶುರು ಮಾಡಿದ್ದು 1950ರಲ್ಲಿ. ಮೊದಲ 27 ಮಂದಿಯಲ್ಲಿ ತರ್ತಾಕೋವರ್ ಒಬ್ಬರು. ಕಾಪಾಬ್ಲಾಂಕಾ 1942ರಲ್ಲೇ ತೀರಿಕೊಂಡಿದ್ದರು, ಹಾಗಾಗಿ ಆ ಪಟ್ಟಿಯಲ್ಲಿ ಇಲ್ಲ.

ಕೂರುವ ಮೊದಲು

ನಿಜವಾದ ಬೋರ್ಡ್ ಬೇಕು. ಮುಂಬಯಿ ಮನೆಗಳಲ್ಲಿ ಜಾಗ ಕಮ್ಮಿ, ಗೊತ್ತು. ಸುರುಳಿ ಸುತ್ತಿಡುವ ವಿನೈಲ್ ಬೋರ್ಡ್ ತನ್ನಿ, ದಿವಾನ್ ಮೇಲೆ ಹರಡಿದರೂ ಸಾಕು. ಟೂರ್ನಮೆಂಟ್ ಬೋರ್ಡಿನಲ್ಲಿ ಒಂದೊಂದು ಮನೆ 5ರಿಂದ 6 ಸೆಂಟಿಮೀಟರ್ ಇರುತ್ತದೆ, ಆ ಅಳತೆಯದ್ದೇ ಇರಲಿ. ಮುಂದೆ ಟೂರ್ನಮೆಂಟಿನಲ್ಲಿ ಕೂತಾಗ ಕಣ್ಣಿಗೆ ಹೊಸದೆನಿಸುವುದಿಲ್ಲ.

ಒಂದು ನೋಟ್‌ಬುಕ್. ಪುಟಕ್ಕೆ ಮೂರು ಕಾಲಂ: ನನ್ನ ನಡೆ, ಅವರ ನಡೆ, ಕಾರಣ. ಮೂರನೆಯದನ್ನು ಅಗಲ ಮಾಡಿ. ನಡೆಗಳನ್ನು ಮುಚ್ಚಿಕೊಳ್ಳಲು ಒಂದು ರಟ್ಟಿನ ತುಂಡು. ಎಂಜಿನ್, ಅಂದರೆ ಒಳ್ಳೆಯ ನಡೆ ಲೆಕ್ಕ ಹಾಕಿ ಹೇಳುವ ಚೆಸ್ ಪ್ರೋಗ್ರಾಂ, ಬಂದ್ ಇರಲಿ. ಅದರ ಸರದಿ ಕೊನೆಯಲ್ಲಿ.

ನಡೆಗಳನ್ನು ನಾನು ಹೀಗೆ ಬರೆಯುತ್ತೇನೆ: ಬಿಳಿಯ ಎಡಗೈ ಕಡೆಯಿಂದ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಫೈಲ್‌ಗಳು, ಅಂದರೆ ಉದ್ದದ ಸಾಲುಗಳು. ಅಡ್ಡ ಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8. × ಅಂದರೆ ಹೊಡೆತ, + ಅಂದರೆ ಚೆಕ್. ಕಾಯಿಯ ಹೆಸರಿಲ್ಲದಿದ್ದರೆ ಅದು ಕಾಲಾಳಿನ ನಡೆ. ಪ್ರತಿ ಸಂಖ್ಯೆಯಲ್ಲಿ ಮೊದಲಿನದು ಬಿಳಿಯ ನಡೆ, ನಂತರದ್ದು ಕಪ್ಪಿನದು. ಸಂಖ್ಯೆಯ ಮುಂದೆ ಮೂರು ಚುಕ್ಕಿ ಇದ್ದರೆ ಅದು ಕಪ್ಪಿನ ನಡೆ. ಎಫ್ ಆನೆ ಅಂದರೆ ಎಫ್ ಫೈಲ್‌ನಲ್ಲಿದ್ದ ಆನೆ. ಕ್ಯಾಸ್ಲಿಂಗ್ ಅಂದರೆ ರಾಜ, ಆನೆ ಎರಡೂ ಒಂದೇ ನಡೆಯಲ್ಲಿ ಜಾಗ ಬದಲಿಸುವುದು.

ಮೊದಲ ಸಲ ಸುಮ್ಮನೆ ಆಡಿ

ಮೊದಲು ಇಡೀ ಆಟವನ್ನು ಎಲ್ಲೂ ನಿಲ್ಲದೆ ಬೋರ್ಡಿನ ಮೇಲೆ ಆಡಿ. ಹತ್ತು ನಿಮಿಷ ಸಾಕು. ಮುಗಿದ ಮೇಲೆ ಒಂದೇ ಸಾಲು ಬರೆಯಿರಿ: ಆಟ ಎಲ್ಲಿ ತಿರುಗಿತು? ತಪ್ಪಾದರೂ ಪರವಾಗಿಲ್ಲ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು 35ನೇ ನಡೆ ಅಂತ ಬರೆಯುತ್ತಾರೆ. ಅದು ಯಾಕೆ ಪೂರ್ತಿ ಸರಿಯಲ್ಲ ಅನ್ನುವುದು ಮುಂದೆ ಗೊತ್ತಾಗುತ್ತದೆ. ಎರಡನೇ ಸುತ್ತಿನಲ್ಲಿ ಗೆದ್ದವನ ಕಡೆ ಕೂತು, ರಟ್ಟು ಸರಿಸುತ್ತಾ ನಿಧಾನವಾಗಿ ಹೋಗುವುದು. ಅಂತ್ಯ ಗೊತ್ತಿದ್ದರೂ ನಡುವಿನ ನಡೆಗಳು ನೆನಪಿರುವುದಿಲ್ಲ, ಊಹಿಸಲು ಬೇಕಾದಷ್ಟು ಉಳಿದಿರುತ್ತದೆ.

ಓಪನಿಂಗ್: ಏನು ಉಳಿಯಿತು ನೋಡಿ

1. ಡಿ4, ಇ6 2. ಕುದುರೆ ಎಫ್3, ಎಫ್5 3. ಸಿ4, ಕುದುರೆ ಎಫ್6 4. ಒಂಟೆ ಜಿ5, ಒಂಟೆ ಇ7 5. ಕುದುರೆ ಸಿ3, ಕ್ಯಾಸ್ಲಿಂಗ್ 6. ಇ3, ಬಿ6 7. ಒಂಟೆ ಡಿ3, ಒಂಟೆ ಬಿ7 8. ಕ್ಯಾಸ್ಲಿಂಗ್, ರಾಣಿ ಇ8 9. ರಾಣಿ ಇ2, ಕುದುರೆ ಇ4 10. ಒಂಟೆ×ಇ7, ಕುದುರೆ×ಸಿ3 11. ಬಿ×ಸಿ3, ರಾಣಿ×ಇ7 12. ಎ4, ಒಂಟೆ×ಎಫ್3 13. ರಾಣಿ×ಎಫ್3, ಕುದುರೆ ಸಿ6

ಇದು ಡಚ್ ಡಿಫೆನ್ಸ್ ಎನ್ನುವ ಓಪನಿಂಗ್, ಅಂದರೆ ಆಟ ಶುರು ಮಾಡುವ ಒಂದು ಕ್ರಮ. ಹೆಸರು ಗೊತ್ತಿದ್ದರೆ ಒಳ್ಳೆಯದು, ಇಲ್ಲದಿದ್ದರೂ ನಷ್ಟವಿಲ್ಲ. ಓಪನಿಂಗ್‌ನ ಪ್ರತಿ ನಡೆಗೆ ತಲೆ ಕೆಡಿಸಿಕೊಳ್ಳಬೇಡಿ. ನಡುವಿನ ನಾಲ್ಕು ಮನೆಗಳ ಮೇಲೆ ಯಾರಿಗೆ ಹಿಡಿತ, ಯಾವ ಕಾಯಿಗಳು ಅದಲುಬದಲಾದವು, ಕಾಲಾಳುಗಳ ಸಾಲು ಎಲ್ಲಿ ಮುರಿಯಿತು, ಇಷ್ಟನ್ನು ಗುರುತು ಹಾಕಿಕೊಂಡರೆ ಸಾಕು.

ಇಲ್ಲಿ 2...ಎಫ್5 ಆಡಿ ಕಪ್ಪು ಇ4 ಮನೆಯ ಮೇಲೆ ಕಣ್ಣಿಟ್ಟಿತು. 9ನೇ ನಡೆಯಲ್ಲಿ ಕುದುರೆ ಅಲ್ಲಿಗೇ ಬಂತು. ಆಮೇಲೆ ಸಾಲಾಗಿ ಹೊಡೆತ. 13 ನಡೆ ಮುಗಿದ ಮೇಲೆ ಬೋರ್ಡ್ ನೋಡಿ: ಬಿಳಿಯ ಹತ್ತಿರ ಒಂದು ಒಂಟೆ, ಡಿ3ಯಲ್ಲಿ. ಕಪ್ಪಿನ ಹತ್ತಿರ ಒಂದು ಕುದುರೆ. ರಾಣಿ, ಆನೆಗಳನ್ನು ಬಿಟ್ಟರೆ ದೊಡ್ಡ ಕಾಯಿ ಬೇರೆ ಇಲ್ಲ. ಬಿಳಿಯ ಕಾಲಾಳುಗಳು ಸಿ3, ಸಿ4 ಅಂತ ಒಂದರ ಹಿಂದೆ ಒಂದು ನಿಂತಿವೆ.

ಇದನ್ನು ನೋಟ್‌ಬುಕ್ಕಿನಲ್ಲಿ ದಪ್ಪಗೆ ಬರೆಯಿರಿ. ಮುಂದಿನ ಇಪ್ಪತ್ತು ನಡೆಗಳ ಕಥೆಯೆಲ್ಲ ಇಲ್ಲೇ ಇದೆ: ಈ ಒಂಟೆ ಮೇಲೋ, ಈ ಕುದುರೆ ಮೇಲೋ? ಕುದುರೆಗೆ ಗುರಿ ಬೇಕು, ಸಿ4ರ ಕಾಲಾಳೇ ಅದರ ಗುರಿ. ಒಂಟೆಗೆ ಬಯಲು ಬೇಕು.

ಮಿಡಲ್‌ಗೇಮ್: ಎದುರಾಳಿಗೆ ಏನು ಬೇಕು?

14. ಎಫ್ ಆನೆ ಬಿ1, ಎ ಆನೆ ಇ8 15. ರಾಣಿ ಎಚ್3, ಆನೆ ಎಫ್6 16. ಎಫ್4, ಕುದುರೆ ಎ5 17. ರಾಣಿ ಎಫ್3, ಡಿ6 18. ಆನೆ ಇ1, ರಾಣಿ ಡಿ7 19. ಇ4, ಎಫ್×ಇ4 20. ರಾಣಿ×ಇ4, ಜಿ6 21. ಜಿ3, ರಾಜ ಎಫ್8 22. ರಾಜ ಜಿ2, ಆನೆ ಎಫ್7 23. ಎಚ್4, ಡಿ5 24. ಸಿ×ಡಿ5, ಇ×ಡಿ5 25. ರಾಣಿ×ಇ8+, ರಾಣಿ×ಇ8 26. ಆನೆ×ಇ8+, ರಾಜ×ಇ8

ಇಲ್ಲಿಂದ ಪ್ರತಿ ನಡೆಗೂ ರಟ್ಟು ಸರಿಸುವ ಮೊದಲು ಒಂದೇ ಪ್ರಶ್ನೆ: ಎದುರಾಳಿಯನ್ನು ತಡೆಯದೆ ಬಿಟ್ಟರೆ ಅವನು ಏನು ಆಡುತ್ತಾನೆ? 14ನೇ ನಡೆಯಲ್ಲಿ ಕಪ್ಪು ಆನೆ ಇ8ಕ್ಕೆ ಬಂದಿದ್ದು ಯಾಕೆ? ಇ5 ತಳ್ಳಲು. ಈಗ 15, 16ನೇ ನಡೆಗಳನ್ನು ನೋಡಿ. ಎಚ್3ರಿಂದ ರಾಣಿ ಎಫ್5ನ್ನೂ ಎಚ್7ನ್ನೂ ಒಟ್ಟಿಗೆ ನೋಡುತ್ತಾಳೆ. ನಂತರ ಎಫ್4 ಬಂದು ಇ5ರ ದಾರಿ ಮುಚ್ಚಿತು. ಕೆಲಸ ಮುಗಿದ ಕೂಡಲೇ ರಾಣಿ ಎಫ್3ಕ್ಕೆ ವಾಪಸ್. ಮಕ್ಕಳು ಇದನ್ನು ನೋಡಿ "ಸುಮ್ನೆ ಎರಡು ನಡೆ ಹಾಳು ಮಾಡಿದ" ಅಂತಾರೆ. ಹಾಳಾಗಲಿಲ್ಲ. ಕಪ್ಪಿನ ಆಸೆಯನ್ನು ಹುಟ್ಟುವಾಗಲೇ ತಡೆದ. ಆಮೇಲೆ ತನ್ನ ಇ4ನ್ನು ತಾನು ಆಡಿದ. ಕಪ್ಪಿಗೆ ಸಿಗದ ಕಾಲಾಳಿನ ನಡೆ ಬಿಳಿಗೆ ಸಿಕ್ಕಿತು.

20ನೇ ನಡೆಯ ಹತ್ತಿರ ಹೆಚ್ಚು ಹೊತ್ತು ಕೂರಿ. ರಾಣಿ ಇ4ರಲ್ಲಿ, ಹಿಂದೆ ಡಿ3ಯಲ್ಲಿ ಒಂಟೆ. ಎರಡೂ ಎಚ್7ರ ಕಡೆ ನೋಡುತ್ತಿವೆ. ಅದಕ್ಕೆ ಕಪ್ಪು ಜಿ6 ಆಡಿತು. ನೋಡಲು ಸಾಮಾನ್ಯ ನಡೆ, ಎಲ್ಲರೂ ಆಡುವಂಥದ್ದೇ. ಆದರೆ ಈಗ ಬಿಳಿಗೆ ಎಚ್4, ಎಚ್5 ತಳ್ಳಿ ಹೊಡೆಯಲು ಒಂದು ಗುರಿ ಸಿಕ್ಕಿತು. ಪೆನ್ಸಿಲ್ಲಿನಲ್ಲಿ ಒಂದು ಬಾಣ ಎಳೆಯಿರಿ: 20...ಜಿ6, 23. ಎಚ್4, 27. ಎಚ್5, 29. ಆನೆ ಎಚ್1, 30. ಆನೆ ಎಚ್7. ಒಂದು ಕಾಲಾಳು ಒಂದು ಹೆಜ್ಜೆ ಮುಂದೆ ಬಂದಿದ್ದಕ್ಕೆ ಹತ್ತು ನಡೆಗಳ ನಂತರ ಬಿಳಿಯ ಆನೆ ಒಳಗೆ ನುಗ್ಗಿತು. ಇಂಥ ಬಾಣಗಳನ್ನು ಎಳೆಯುವುದೇ ವಿಶ್ಲೇಷಣೆ. ನಡೆಗಳ ಪಕ್ಕದಲ್ಲಿ ಒಳ್ಳೆಯದು, ಕೆಟ್ಟದ್ದು ಅಂತ ಗುರುತು ಹಾಕಿದರೆ ಏನೂ ಸಿಗುವುದಿಲ್ಲ.

ಅತ್ತ ಕಪ್ಪು ಕುದುರೆಯನ್ನೂ ನೋಡಿ. 16ನೇ ನಡೆಯಲ್ಲಿ ಎ5ಕ್ಕೆ ಹೋಗಿದ್ದು 31ನೇ ನಡೆಯವರೆಗೆ ಅಲ್ಲೇ ಕೂತಿತ್ತು. ಯುದ್ಧ ನಡೆಯುತ್ತಿದ್ದದ್ದು ಬೋರ್ಡಿನ ಇನ್ನೊಂದು ತುದಿಯಲ್ಲಿ.

ಎಂಡ್‌ಗೇಮ್: ಇಲ್ಲೇ ಹೆಚ್ಚು ಹೊತ್ತು ಕೊಡಿ

26ನೇ ನಡೆ ಮುಗಿದಾಗ ರಾಣಿಗಳಿಲ್ಲ. ಇಬ್ಬರಿಗೂ ಒಂದೊಂದು ಆನೆ, ಆರಾರು ಕಾಲಾಳು, ಜೊತೆಗೆ ಬಿಳಿಗೆ ಅದೇ ಒಂಟೆ, ಕಪ್ಪಿಗೆ ಅದೇ ಕುದುರೆ. ಲೆಕ್ಕ ಸಮ. ಹೆಚ್ಚಿನವರು ಇಲ್ಲಿ "ಇನ್ನೇನಿದೆ" ಅಂತ ಬೇಗ ಬೇಗ ಒತ್ತಿ ಮುಗಿಸುತ್ತಾರೆ. ನನ್ನ ಪ್ರಕಾರ ಆಟದ ಅತ್ಯುತ್ತಮ ಭಾಗ ಈಗ ಶುರುವಾಗುವುದು.

ಮೊದಲು ಕಾಲಾಳು ಎಣಿಸಿ, ಒಟ್ಟಿಗಲ್ಲ, ಕಡೆಕಡೆಗೆ. ರಾಜನ ಕಡೆ ಬಿಳಿಗೆ ಎಫ್4, ಜಿ3, ಎಚ್4: ಮೂರು. ಕಪ್ಪಿಗೆ ಜಿ6, ಎಚ್7: ಎರಡು. ಇನ್ನೊಂದು ಕಡೆ ಕಪ್ಪಿಗೆ ನಾಲ್ಕು, ಬಿಳಿಗೆ ಮೂರು. ಅಂದರೆ ಬಿಳಿಯ ಓಟಗಾರ ಕಾಲಾಳು (ಎದುರಾಳಿಯ ಕಾಲಾಳುಗಳು ತಡೆಯಲಾಗದಂಥದ್ದು) ಹುಟ್ಟುವುದು ರಾಜನ ಕಡೆಯಿಂದಲೇ.

27. ಎಚ್5, ಆನೆ ಎಫ್6 28. ಎಚ್×ಜಿ6, ಎಚ್×ಜಿ6 29. ಆನೆ ಎಚ್1, ರಾಜ ಎಫ್8 30. ಆನೆ ಎಚ್7, ಆನೆ ಸಿ6 31. ಜಿ4, ಕುದುರೆ ಸಿ4 32. ಜಿ5, ಕುದುರೆ ಇ3+ 33. ರಾಜ ಎಫ್3, ಕುದುರೆ ಎಫ್5 34. ಒಂಟೆ×ಎಫ್5, ಜಿ×ಎಫ್5

ಏಳನೇ ಸಾಲಿನಲ್ಲಿ ಕೂತ ಆನೆ ಕಪ್ಪು ರಾಜನನ್ನು ಎಂಟನೇ ಸಾಲಿಗೆ ಕಟ್ಟಿಹಾಕಿತು. ಕಪ್ಪು ಸಿ3ರ ಕಾಲಾಳನ್ನು ಗುರಿ ಮಾಡಿದೆ. ಮಕ್ಕಳಿಗೆ ಇಲ್ಲಿ ಒಂದು ಲೆಕ್ಕ ಕೊಡುತ್ತೇನೆ: 31ರಲ್ಲಿ ಕಪ್ಪು ಆನೆ ಯಾಕೆ ಕೂಡಲೇ ಸಿ3 ಹೊಡೆಯಲಿಲ್ಲ? ಆ ಆನೆ ಆರನೇ ಸಾಲಿನಲ್ಲಿ ನಿಂತು ಇನ್ನೇನನ್ನು ಕಾಯುತ್ತಿದೆ ಎಂದು ಹುಡುಕಿದರೆ ಉತ್ತರ ಸಿಗುತ್ತದೆ. ಅದು ಸಾಲು ಬಿಟ್ಟರೆ ಜಿ6 ಒಂಟಿ, ಮತ್ತು ಡಿ3ರ ಒಂಟೆ ಅದನ್ನೇ ನೋಡುತ್ತಾ ಕೂತಿದೆ.

ಈಗ 34ನೇ ನಡೆ. ಏಳನೇ ನಡೆಯಿಂದ ಡಿ3ಯಲ್ಲೇ ಇದ್ದ ಒಂಟೆಯನ್ನು ಕಾಪಾಬ್ಲಾಂಕಾ ಕುದುರೆಗೆ ಬದಲಾಗಿ ಕೊಟ್ಟುಬಿಟ್ಟ. ರಟ್ಟು ಹಾಗೇ ಇಟ್ಟು ಐದು ನಿಮಿಷ ಯೋಚಿಸಿ: ಇದರಿಂದ ಏನು ಬದಲಾಯಿತು? ಜಿ6ರ ಕಾಲಾಳು ಎಫ್5ಕ್ಕೆ ಹೋಯಿತು. ಬಿಳಿಯ ಜಿ5 ಕಾಲಾಳಿನ ಎದುರಿಗೆ ಈಗ ಯಾರೂ ಇಲ್ಲ. ಜೊತೆಗೆ ಸಿ3 ಕಾಲಾಳನ್ನು ಮುಂದಿನ ಒಂದೇ ನಡೆಯಲ್ಲಿ ಕಾಪಾಡಲು ದಾರಿಯೂ ಇಲ್ಲ. ಅಂದರೆ ಬಿಳಿ ಸಿ3ನ್ನು ಬಿಟ್ಟುಕೊಡಲು ತಯಾರಾಗಿದ್ದು 35ರಲ್ಲಲ್ಲ, 34ರಲ್ಲೇ. ನೋಟ್‌ಬುಕ್ಕಿನ ಆ ಮೊದಲ ಸಾಲನ್ನು ತಿದ್ದಬೇಕಾದ ಜಾಗ ಇದು. ಕಣ್ಣಿಗೆ ಹೊಡೆಯುವ ನಡೆ ಒಂದಾದರೆ, ತೀರ್ಮಾನ ಆಗಿರುವುದು ಹೆಚ್ಚಾಗಿ ಅದಕ್ಕಿಂತ ಮೊದಲೇ.

35. ರಾಜ ಜಿ3, ಆನೆ×ಸಿ3+ 36. ರಾಜ ಎಚ್4, ಆನೆ ಎಫ್3 37. ಜಿ6, ಆನೆ×ಎಫ್4+ 38. ರಾಜ ಜಿ5, ಆನೆ ಇ4 39. ರಾಜ ಎಫ್6, ರಾಜ ಜಿ8 40. ಆನೆ ಜಿ7+, ರಾಜ ಎಚ್8 41. ಆನೆ×ಸಿ7, ಆನೆ ಇ8 42. ರಾಜ×ಎಫ್5

35ನೇ ನಡೆಯ ಹತ್ತಿರ ಒಬ್ಬಳು ಹುಬ್ಬಳ್ಳಿ ಮನೆಯ ಹುಡುಗಿ ಬೋರ್ಡಿನ ಮೇಲೆ ಬಾಗಿ ಕೇಳಿದಳು: "ಕಾಕಾ, ಅಲ್ಲಿ ಕಾಲಾಳು ಹೋಗಾಕತ್ತೈತಿ, ಈ ರಾಜ ಎಲ್ಲಿಗೆ ಹೊಂಟಾನ್ರಿ?" ಸರಿಯಾದ ಪ್ರಶ್ನೆ ಅದೇ. ರಾಜ ಎಲ್ಲಿಗೆ ಹೊರಟಿದ್ದಾನೆ?

ಉತ್ತರ ಹೇಳುವ ಮೊದಲು ಬೇರೆ ದಾರಿಗಳನ್ನು ಆಡಿ ನೋಡಿ. ಅವಳೇ ಒಂದು ಹೇಳಿದಳು: 35. ಆನೆ ಎಚ್6, ಆನೆಗಳನ್ನು ತೆಗೆದುಬಿಡೋಣ. ಆಡಿದೆವು. ಆನೆ×ಎಚ್6, ಜಿ×ಎಚ್6, ರಾಜ ಜಿ8, ಬಿಳಿ ರಾಜ ಜಿ3, ಕಪ್ಪು ರಾಜ ಎಚ್7, ಬಿಳಿ ರಾಜ ಎಚ್4, ಕಪ್ಪು ರಾಜ ಎಚ್6ರ ಕಾಲಾಳು ತಿಂದ. ಈಗ ಕಪ್ಪಿಗೆ ಒಂದು ಕಾಲಾಳು ಜಾಸ್ತಿ. "ಬ್ಯಾಡ ಬಿಡ್ರಿ" ಅಂದಳು. ಕೈಯಾರೆ ಆಡಿ ನೋಡಿದ್ದರಿಂದ ಬೇಡ ಎನ್ನುವ ಕಾರಣವೂ ಅವಳ ಕೈಗೇ ಸಿಕ್ಕಿತು.

ಈಗ ಆಟದ ನಡೆ. ರಾಜ ಹೋಗುತ್ತಿರುವುದು ಜಿ3, ಎಚ್4, ಜಿ5, ಎಫ್6. ಎಫ್6ರಲ್ಲಿ ರಾಜ, ಜಿ6ರಲ್ಲಿ ಕಾಲಾಳು, ಎಚ್7ರಲ್ಲಿ ಆನೆ ಬಂದರೆ ಮುಂದಿನ ನಡೆ ಆನೆ ಎಚ್8, ಚೆಕ್‌ಮೇಟ್. ಅದಕ್ಕಾಗಿ ಕಾಪಾಬ್ಲಾಂಕಾ ಸಿ3ರ ನಂತರ ಎಫ್4ನ್ನೂ ಬಿಟ್ಟುಕೊಟ್ಟ, ಎರಡೂ ಚೆಕ್ ಜೊತೆಗೇ. 38ನೇ ನಡೆಯಲ್ಲಿ ಎಣಿಸಿ: ಬಿಳಿಗೆ ಮೂರು ಕಾಲಾಳು, ಕಪ್ಪಿಗೆ ಐದು. ಆದರೂ ಮುಂದೆ ಇರುವುದು ಬಿಳಿ. ಬಿಳಿಯ ಮೂರು ಕಾಯಿಗಳು ಒಟ್ಟಿಗೆ ದುಡಿಯುತ್ತಿವೆ, ಕಪ್ಪಿನ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದಾನೆ.

39ನೇ ನಡೆ ನನಗೆ ಇಡೀ ಆಟದಲ್ಲೇ ಹೆಚ್ಚು ಇಷ್ಟ. ರಾಜ ಜಿ5ರಲ್ಲಿದ್ದಾನೆ, ಪಕ್ಕದಲ್ಲೇ ಎಫ್5ರ ಕಾಲಾಳು, ಬಿಟ್ಟಿ ಸಿಗುತ್ತದೆ. ಅವನು ಅದನ್ನು ಹೊಡೆಯದೆ ಎಫ್6ಕ್ಕೆ ಹೋಗುತ್ತಾನೆ. ಯಾಕೆ? ಆ ಕಾಲಾಳು ಅಲ್ಲಿದ್ದರೆ ಕಪ್ಪು ಆನೆ ಎಫ್ ಫೈಲ್‌ನಿಂದ ಚೆಕ್ ಕೊಡುವ ಹಾಗಿಲ್ಲ. ಎದುರಾಳಿಯ ಕಾಲಾಳನ್ನೇ ಕೊಡೆಯ ಹಾಗೆ ಹಿಡಿದುಕೊಂಡ. 42ರಲ್ಲಿ ಕೆಲಸ ಮುಗಿದ ಮೇಲೆ ಹೊಡೆದ. ಈಗ ಮತ್ತೆ ಎಣಿಸಿ: ಮೂರು, ಮೂರು. ನಾಲ್ಕೇ ನಡೆಗಳಲ್ಲಿ ಲೆಕ್ಕ ಸಮವಾಗಿದೆ, ಆದರೆ ಜಾಗದಲ್ಲಿ ಹೋಲಿಕೆಯೇ ಇಲ್ಲ.

ಇನ್ನೊಂದು ಪಕ್ಕದ ದಾರಿಯನ್ನೂ ಬರೆದುಕೊಳ್ಳಿ. 36ರಲ್ಲಿ ಕಪ್ಪು ಆನೆ ಸಿ1ಕ್ಕೆ ಹೋಗಿ ಹಿಂದಿನಿಂದ ಚೆಕ್ ಕೊಡಲು ನೋಡಿದ್ದರೆ? 37. ರಾಜ ಎಚ್5, ಆನೆ ಎಚ್1+ 38. ರಾಜ ಜಿ6, ಆನೆ×ಎಚ್7 39. ರಾಜ×ಎಚ್7, ಸಿ5 40. ಜಿ6, ಸಿ×ಡಿ4 41. ಜಿ7+, ಮತ್ತು ಮುಂದಿನ ನಡೆಯಲ್ಲಿ ರಾಣಿ. ಈ ಸಾಲನ್ನು ಕಾಯಿ ಮುಟ್ಟದೆ ಮನಸ್ಸಿನಲ್ಲೇ ಆಡಲು ಪ್ರಯತ್ನಿಸಿ. ರೈಲಿನಲ್ಲಿ ನಿಂತುಕೊಂಡೇ ಹೋಗುವವರಿಗೆ ಒಳ್ಳೆಯ ಅಭ್ಯಾಸ: 34ನೇ ನಡೆಯ ಸ್ಥಿತಿಯನ್ನು ಬಾಯಿಪಾಠ ಮಾಡಿಕೊಂಡರೆ ಬೋರ್ಡೇ ಬೇಡ.

ಉಳಿದದ್ದು: 42...ಆನೆ ಇ4 43. ರಾಜ ಎಫ್6, ಆನೆ ಎಫ್4+ 44. ರಾಜ ಇ5, ಆನೆ ಜಿ4 45. ಜಿ7+, ರಾಜ ಜಿ8 46. ಆನೆ×ಎ7, ಆನೆ ಜಿ1 47. ರಾಜ×ಡಿ5, ಆನೆ ಸಿ1 48. ರಾಜ ಡಿ6, ಆನೆ ಸಿ2 49. ಡಿ5, ಆನೆ ಸಿ1 50. ಆನೆ ಸಿ7, ಆನೆ ಎ1 51. ರಾಜ ಸಿ6, ಆನೆ×ಎ4 52. ಡಿ6, ಕಪ್ಪು ಸೋಲೊಪ್ಪಿತು. ಇಲ್ಲಿ ಹೆಚ್ಚು ಹೇಳುವುದಿಲ್ಲ. 43ರಲ್ಲಿ ಎಫ್ ಫೈಲ್‌ನಿಂದ ಚೆಕ್ ಬಂತು, ಗಮನಿಸಿದಿರಾ? ಕೊಡೆ ಹೋಗಿತ್ತಲ್ಲ.

ಎಂಜಿನ್ ಈಗ ತೆರೆಯಿರಿ

ಲಿಚೆಸ್ ಎನ್ನುವ ಚೆಸ್ ವೆಬ್‌ಸೈಟಿನಲ್ಲಿ ಎಲ್ಲವೂ ಉಚಿತ. ಅಲ್ಲಿ ಸ್ಟಡಿ ತೆರೆದು ನಡೆಗಳನ್ನು ಹಾಕಿ, ನಿಮ್ಮ ನೋಟ್‌ಬುಕ್ಕಿನ ಮಾತುಗಳನ್ನು ಕನ್ನಡದಲ್ಲೇ ಟೈಪ್ ಮಾಡಿ. ಆಮೇಲೆ ಅಲ್ಲಿರುವ ಎಂಜಿನ್ ಸ್ಟಾಕ್‌ಫಿಶ್ ಹಚ್ಚಿ. ಇಡೀ ಆಟಕ್ಕೆ ಹಚ್ಚಬೇಡಿ. ನಿಮಗೂ ಕಾಪಾಬ್ಲಾಂಕಾಗೂ ನಡೆ ಬೇರೆಯಾದ ಮೂರು ನಾಲ್ಕು ಜಾಗಗಳಲ್ಲಿ ಮಾತ್ರ ಕೇಳಿ. ಎಂಜಿನ್ ತೋರಿಸುವ 1.0 ಅಂದರೆ ಸುಮಾರು ಒಂದು ಕಾಲಾಳಿನಷ್ಟು ಮೇಲುಗೈ. ನಿಮ್ಮ ನಡೆಗೂ ಅವರದಕ್ಕೂ 0.2, 0.3 ವ್ಯತ್ಯಾಸ ಬಂದರೆ ಬಿಟ್ಟುಬಿಡಿ, ನಿಮ್ಮದೂ ಒಳ್ಳೆಯ ನಡೆಯೇ. ದೊಡ್ಡ ವ್ಯತ್ಯಾಸ ಬಂದರೆ ಎಂಜಿನ್ ತೋರಿಸಿದ ನಡೆಯನ್ನು ಬರೆದುಕೊಂಡು ಸುಮ್ಮನಾಗಬೇಡಿ. ನಿಮ್ಮ ನಡೆಯನ್ನು ಅದರ ಎದುರು ಆಡಿ. ಅದು ಹೇಗೆ ಶಿಕ್ಷಿಸುತ್ತದೆ ನೋಡಿ. ಕಾರಣ ಒಂದು ವಾಕ್ಯದಲ್ಲಿ ಹೇಳಲು ಬರುವವರೆಗೆ ಆ ಜಾಗ ಬಿಡಬೇಡಿ.

ಟೇಬಲ್‌ಬೇಸ್, ಅಂದರೆ ಎಂಡ್‌ಗೇಮ್ ಸ್ಥಿತಿಗಳ ಫಲಿತಾಂಶವನ್ನು ಮೊದಲೇ ಲೆಕ್ಕ ಹಾಕಿಟ್ಟ ಭಂಡಾರದ ಬಗ್ಗೆ ಮಕ್ಕಳು ಕೇಳುತ್ತಾರೆ. ಬೋರ್ಡಿನ ಮೇಲೆ ಒಟ್ಟು ಏಳು ಅಥವಾ ಕಮ್ಮಿ ಕಾಯಿ ಉಳಿದಾಗ ಅದು ಖಚಿತ ತೀರ್ಪು ಕೊಡುತ್ತದೆ. ಈ ಆಟದಲ್ಲಿ ಏಳು ಕಾಯಿ ಉಳಿಯುವುದು 51ನೇ ನಡೆ ಮುಗಿದ ಮೇಲೆ, ಅಷ್ಟರಲ್ಲಿ ಎಲ್ಲ ಮುಗಿದಿದೆ. ಹಾಗಾಗಿ 35ನೇ ನಡೆಯನ್ನು ನಾವೇ ಅರ್ಥ ಮಾಡಿಕೊಳ್ಳಬೇಕು.

ಆಮೇಲೆ

34ನೇ ನಡೆಯ ಸ್ಥಿತಿಯನ್ನು ಜೋಡಿಸಿ ಯಾರ ಜೊತೆಗಾದರೂ ಆಡಿ. ಅಣ್ಣ, ಅಕ್ಕ, ಪಕ್ಕದ ಮನೆಯವರು, ಯಾರಾದರೂ ಸರಿ. ಒಮ್ಮೆ ಬಿಳಿ, ಒಮ್ಮೆ ಕಪ್ಪು. ಕಪ್ಪಿನ ಕಡೆ ಕೂತಾಗ ತರ್ತಾಕೋವರ್‌ಗಿಂತ ಗಟ್ಟಿಯಾಗಿ ಕಾಯುವ ದಾರಿ ಹುಡುಕಿ. ವಾರ ಬಿಟ್ಟು ಆಟವನ್ನು ನೋಟ್‌ಬುಕ್ ಇಲ್ಲದೆ ಆಡಿ, ಎಲ್ಲಿ ಕೈ ನಿಲ್ಲುತ್ತದೋ ಆ ಜಾಗ ಇನ್ನೂ ಅರ್ಥವಾಗಿಲ್ಲ ಅಂತ ಲೆಕ್ಕ.

ಎರಡನೇ ಆಟವಾಗಿ ಅದೇ ಟೂರ್ನಮೆಂಟಿನ ರಿಚರ್ಡ್ ರೇತಿ ಮತ್ತು ಕಾಪಾಬ್ಲಾಂಕಾ ಆಟ ತೆಗೆದುಕೊಳ್ಳಿ. ಎಂಟು ವರ್ಷಗಳಲ್ಲಿ ಮೊದಲ ಸಲ ಕಾಪಾಬ್ಲಾಂಕಾ ಸೋತದ್ದು ಅಲ್ಲಿ, 31 ನಡೆಗಳಲ್ಲಿ. ಅದರ ನಂತರ ನಮ್ಮ ಗ್ರಾಂಡ್‌ಮಾಸ್ಟರ್‌ಗಳಾದ ಮುಂಬಯಿಯ ಪ್ರವೀಣ್ ತಿಪ್ಸೆ, ಪುಣೆಯ ಅಭಿಜಿತ್ ಕುಂಟೆ ಇವರ ಆಟಗಳು. ಆಮೇಲೆ ಗೋವಾ ವಿಶ್ವಕಪ್‌ನ ಆಟಗಳಿಗೆ ಬನ್ನಿ. ಅಲ್ಲಿ ಮೊದಲ ಹದಿನೈದು ನಡೆಗಳನ್ನು ಬೇಗ ದಾಟಿ, ಆಟಗಾರ ಗಡಿಯಾರದಲ್ಲಿ ಮೊದಲ ಸಲ ಹತ್ತು ನಿಮಿಷಕ್ಕಿಂತ ಹೆಚ್ಚು ಯೋಚಿಸಿದ ಜಾಗ ಹುಡುಕಿ. ರಟ್ಟು ಅಲ್ಲಿಂದ ಇಡಿ.